ಸುಣ್ಣದ ಬೊಟ್ಟು ಅಳಿಸಿ ಕುಂಕುಮ ಇಟ್ಟ ಕಂಠಪ್ಪನವರಿಗೆ

ಹುಣಸೂರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕುಳಿತು, ಸತ್ತ ರೇಡಿಯೋಗಳಿಗೂ ಕೆಮ್ಮುವ ಟೇಪ್‌ರೆಕಾರ್ಡರುಗಳಿಗೂ ಪ್ರಾಣದಾನ ಮಾಡುತ್ತಿರುವ ಮಾನ್ಯ ಕಂಠಪ್ಪನವರ ಸನ್ನಿಧಾನಕ್ಕೆ, ಕಟ್ಟೆಮಳಲವಾಡಿಯ ಪೂಜಾ ಎಂಬ ನಾನು ತಲೆ ಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ, ತಮ್ಮ ಅಂಗಡಿಗೆ ಬಂದು ಎದುರಿಗೆ ನಿಂತರೆ ನನಗೆ ಬಾಯಿ ಬರುವುದಿಲ್ಲ. ಐದನೇ ತರಗತಿಯವರೆಗೆ ಕಲಿತ ಅಕ್ಷರಗಳಿಗೆ ನನ್ನಷ್ಟು ನಾಚಿಕೆ ಇಲ್ಲವಾದ್ದರಿಂದ, ಅವುಗಳನ್ನೇ ಮುಂದೆ ಬಿಟ್ಟು, ನಾಲ್ಕು ಜನ ಓದುವ ಹಾಗೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ತಮ್ಮ ಕೈಗುಣವನ್ನು ಹೊಗಳಬೇಕು. ನನ್ನ ಸೋದರಮಾವ ರೇಣುಕಾಪ್ರಸಾದ್ ಅವರ ಹಳೆಯ ಸಿಂಥಸೈಸರ್, ಅಂದರೆ ಆರ್ಕೆಸ್ಟ್ರಾದವರು ನುಡಿಸುವ ಆ ಕರೆಂಟಿನ ಪೆಟ್ಟಿಗೆ, ಮಳೆಗಾಲದ ಥಂಡಿಗೆ ದನಿ ಕಳೆದುಕೊಂಡು ತಮ್ಮಲ್ಲಿಗೆ ಬಂದಾಗ, ತಾವು ಅದರ ಹೊಟ್ಟೆ ಬಿಚ್ಚಿ, ತುಕ್ಕು ಕೆರೆದು, ಬಿಟ್ಟುಹೋದ ಬೆಸುಗೆಗಳನ್ನು ಮತ್ತೆ ಹಾಕಿ, ಊದಿಕೊಂಡ ಕೆಪಾಸಿಟರುಗಳನ್ನು ಬದಲಾಯಿಸಿ ದನಿ ಬರಿಸಿದಿರಿ. ಅಷ್ಟಕ್ಕೆ ನಿಲ್ಲಿಸಿದ್ದರೆ ತಮ್ಮ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕುತ್ತಿದ್ದೆವು. ಆದರೆ ಕೆಲಸ ಮುಗಿದ ಮೇಲೂ ಕೈ ಸುಮ್ಮನಿರದಿರುವುದೇ ದೊಡ್ಡವರ ಲಕ್ಷಣವಲ್ಲವೇ?

ಆ ಪೆಟ್ಟಿಗೆಗೆ ನೆನಪಿನ ಶಕ್ತಿ ಇಲ್ಲ. ಈಗಿನ ಕೀಬೋರ್ಡುಗಳಲ್ಲಿ ಒಂದು ಬಟನ್ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಪಿಟೀಲು. ಇದರಲ್ಲಿ ರೇಡಿಯೋದ ಕಿವಿಯಂತೆ ತಿರುಗುವ ಹತ್ತೊಂಬತ್ತು ಗುಂಡಿಗಳಿದ್ದು, ಒಂದೊಂದನ್ನೂ ಅದರದರ ಜಾಗಕ್ಕೆ ತಿರುಗಿಸಿ ನಿಲ್ಲಿಸಿದರೆ ಮಾತ್ರ ಬೇಕಾದ ದನಿ ಹುಟ್ಟುತ್ತದೆ. ಮಾವ ಎಂಟು ತಿಂಗಳು ತಿರುಗಿಸಿ ತಿರುಗಿಸಿ ಓಲಗದ ದನಿಯನ್ನು ಹಿಡಿದು, ಅದು ಕೈತಪ್ಪದಿರಲೆಂದು ಪ್ರತಿ ಗುಂಡಿಯ ಪಕ್ಕದಲ್ಲೂ ಎಲೆಯಡಿಕೆಯ ಸುಣ್ಣದಿಂದ ಒಂದು ಬೊಟ್ಟು ಇಟ್ಟಿದ್ದರು. “ನಿನ್ ಧಾರೆಗೆ ಓಲಗ ನಾನೇ ನುಡುಸ್ತೀನಿ ಕಣವ್ವ, ಊದೋರು ಯಾಕೆ” ಎಂದು ನನಗೆ ಮಾತು ಕೊಟ್ಟಿದ್ದರು. ಆಮೇಲೆ ಲಕ್ವ ಹೊಡೆದು ಅವರ ಬಲಗೈಯೂ ಮಾತೂ ಒಟ್ಟಿಗೆ ಹೋದವು. ಉಳಿದದ್ದು ಎಡಗೈ, ಎರಡು ಕಿವಿ, ಮತ್ತು ಆ ಹತ್ತೊಂಬತ್ತು ಬೊಟ್ಟು.

ಆ ಬೊಟ್ಟುಗಳ ಬಗ್ಗೆ ತಾವು ಆಡಿದ ಮಾತನ್ನು ನಾನು ಮರೆತಿಲ್ಲ: “ಏನವ್ವ, ಇಷ್ಟೊಳ್ಳೆ ಮಿಷನ್ನಿಗೆ ಯಾರೋ ಕಾಗೆ ಇಕ್ಕೆ ಆಕ್ದಂಗೆ ಸುಣ್ಣ ಮೆತ್ತವ್ರಲ್ಲ. ಓದ್ ವರ್ಷದ ಆಯುಧಪೂಜೆದು ಅಂತ ಕಾಣ್ತದೆ. ಸುಣ್ಣ ಬಟ್ಟೇಲಿ ಒರ್ಸಿ, ಗುಂಡಿ ಎಲ್ಲಾ ಕಿತ್ತು ಸೋಪಲ್ಲಿ ತೊಳ್ದು, ಗುಂಡಿ ಪಕ್ಕಕ್ಕೊಂದು ಕುಂಕುಮದ ಬೊಟ್ಟಿಕ್ಕಿ, ಒಸದಾಗಿ ಪೂಜೆ ನಾನೇ ಮಾಡಿವ್ನಿ ಬುಡು.” ನಾನು “ಹೂಂ” ಎಂದು ತಲೆ ತಗ್ಗಿಸಿ ಬಂದೆ. ಅದು ನನ್ನ ತಪ್ಪು. ಯಾರಾದರೂ ತಾಳೆಗರಿಯ ಹಳೆಯ ಪುಸ್ತಕವನ್ನು ತಮ್ಮ ಕೈಗೆ ಕೊಟ್ಟರೆ, ತಾವು ಅಕ್ಷರಗಳನ್ನೆಲ್ಲ ಉಜ್ಜಿ ತೆಗೆದು, ಗರಿಯನ್ನು ಫಳಫಳ ಹೊಳೆಯಿಸಿ, ಮೇಲೊಂದು ಕುಂಕುಮವಿಟ್ಟು ಹಿಂದಕ್ಕೆ ಕೊಡುವಿರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮನೆಯಲ್ಲಿ ನನ್ನ ಅವ್ವ ಪುಟ್ಟಮಾದಮ್ಮ ತಮ್ಮನ್ನು ಬಹಳ ನಂಬಿದರು. “ಅವ್ನು ತಿಳ್ದೋನು ಕಣೆ, ಅವನಿಟ್ಟಿರೋ ಬೊಟ್ಟಿಗೂ ಏನೋ ಲೆಕ್ಕ ಇದ್ದಾತು, ಅದುಕ್ಕೇ ತಿರುಗ್ಸು” ಎಂದರು. ತಿರುಗಿಸಿದೆ. ಕೆಸರಿನಲ್ಲಿ ಹೂತುಕೊಂಡ ಎಮ್ಮೆಯ ದನಿ ಬಂದಿತು. ಪಕ್ಕದ ಮನೆಯ ತಿಮ್ಮಯ್ಯನವರು ಹಗ್ಗ ಹಿಡಿದು ಓಡಿ ಬಂದು, “ಯಾರ್ದವ್ವ ಎಮ್ಮೆ, ಎಲ್ಲಿ ಬಿದ್ದೈತೆ” ಎಂದು ಕೇಳಿದರು. ಒಂದೇ ಪೂಜೆಯಿಂದ ಓಲಗವನ್ನು ಎಮ್ಮೆಯಾಗಿಸಿದ ಪುಣ್ಯವಂತರು ಈ ತಾಲ್ಲೂಕಿನಲ್ಲಿ ತಮ್ಮನ್ನು ಬಿಟ್ಟರೆ ಬೇರೆ ಇರಲಾರರು.

ಅಂದಿನಿಂದ ನಾನು ಗುಂಡಿ ತಿರುಗಿಸುವುದು, ಮಾವ ಮಲಗಿದಲ್ಲಿಂದ ಕೇಳಿ ತಲೆ ಅಲ್ಲಾಡಿಸುವುದು ನಡೆದಿದೆ. ಅಲ್ಲ, ಅಲ್ಲ, ಅಲ್ಲ. ಇಪ್ಪತ್ತು ದಿನದಲ್ಲಿ ನಾಲ್ಕು ಗುಂಡಿಗಳಿಗೆ ಮಾತ್ರ ಅವರು ಕಣ್ಣು ಮುಚ್ಚಿ ತಲೆದೂಗಿದ್ದಾರೆ. ಇನ್ನು ಹದಿನೈದು ಉಳಿದಿವೆ. ಧಾರೆಗೆ ಮೂರು ವಾರ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ತಾವು ಸುಣ್ಣ ಒರೆಸಿದ ಆ ಬಟ್ಟೆಯ ತುಂಡನ್ನು ಕಳುಹಿಸಿಕೊಡಬೇಕು. ಬೊಟ್ಟುಗಳು ಯಾವ ಯಾವ ಜಾಗದಿಂದ ಎದ್ದು ಬಂದವೆಂದು ಅದನ್ನೇ ಕೇಳುತ್ತೇನೆ. ಬಟ್ಟೆ ಸಿಗದಿದ್ದರೆ ಆ ಸೋಪಿನ ನೀರನ್ನಾದರೂ ಚರಂಡಿಯಿಂದ ವಾಪಸು ಕರೆಸಬೇಕು. ಅದೂ ಆಗದಿದ್ದಲ್ಲಿ, ಮುಂದೆ ಯಾರ ಪೆಟ್ಟಿಗೆ ಬಂದರೂ, ಒರೆಸುವ ಮುಂಚೆ “ಇದೇನು” ಎಂಬ ಮೂರಕ್ಷರವನ್ನು ಕೇಳಬೇಕು. ಅಷ್ಟನ್ನು ಕೇಳಲು ನನಗೆ ನಾಚಿಕೆಯಾಗುವುದು ಸರಿ. ತಮಗೇನಾಗಿತ್ತು?

ಪೂಜೆಗೆ ಹೆದರುವಂತಾಗಿರುವ,
ತಮ್ಮ ವಿಶ್ವಾಸಿ,
ಪೂಜಾ

ಮರೆತ ಮಾತು: ತಮ್ಮ ಕುಂಕುಮದ ಲೆಕ್ಕದಂತೆ ಎಮ್ಮೆ ಕೂಗಿದ ಆ ಸಂಜೆ, ಆರು ತಿಂಗಳಿಂದ ಬಾಯಿ ಬಿಡದಿದ್ದ ಮಾವ ಗಹಗಹಿಸಿ ನಕ್ಕು, ಸ್ಪಷ್ಟವಾಗಿ ಒಂದು ಪದ ಆಡಿದರು. ಅದು ತಮ್ಮನ್ನು ಕುರಿತದ್ದು. ಮರ್ಯಾದೆಯ ಪತ್ರದಲ್ಲಿ ಬರೆಯುವಂಥದ್ದಲ್ಲ. ಡಾಕ್ಟರು ಬಹಳ ಸಂತೋಷಪಟ್ಟು, ಅದೇ ಪದವನ್ನು ದಿನಕ್ಕೆ ಹತ್ತು ಸಲ ಆಡಿಸಿ ಎಂದಿದ್ದಾರೆ. ನಾವು ಇಪ್ಪತ್ತು ಸಲ ಆಡಿಸುತ್ತಿದ್ದೇವೆ. ಧಾರೆಗೆ ತಾವು ತಪ್ಪದೇ ಬರಬೇಕು. ಅಷ್ಟರೊಳಗೆ ಓಲಗ ಸಿಗದಿದ್ದರೂ, ಮಾವ ತಮ್ಮನ್ನು ಬಾಯಿ ತುಂಬಾ ಕರೆಯುತ್ತಾರೆ.