ಐವತ್ತು ನಿಮಿಷದ ಊಟಕ್ಕೆ ಕಳೆದುಹೋದ ಆರು ಅಂಕ

ಹಿರಿಯರ ಆರೈಕೆಯ ಗುಣಮಟ್ಟ ಅಳೆಯುವ ಮೌಲ್ಯಮಾಪನಾಧಿಕಾರಿಗಳ ಸಮಕ್ಷಮಕ್ಕೆ,

ಮಾನ್ಯರೇ,

ನಮ್ಮ ಆರೈಕೆ ಕೇಂದ್ರದ ಹದಿನಾಲ್ಕನೇ ಕೋಣೆಯ ಕಿಟಕಿ ಪಕ್ಕದ ಮಂಚದಿಂದ ತಮಗೆ ಅನಂತ ನಮಸ್ಕಾರಗಳು. ಬಗ್ಗಿಯೇ ನಮಸ್ಕರಿಸಬೇಕೆಂಬ ಆಸೆಯೇನೋ ಇತ್ತು. ಆದರೆ ನಾನು ಒಮ್ಮೆ ಬಗ್ಗಿದರೆ ಎತ್ತಿ ನಿಲ್ಲಿಸಲು ಇಬ್ಬರು ಬೇಕಾಗುತ್ತದೆ, ಆ ಇಬ್ಬರೂ ಈಗ ಚಹಾ ಕುಡಿಯಲು ಹೋಗಿರುವುದರಿಂದ ಕುಳಿತಲ್ಲಿಂದಲೇ ಮಾಡಿದ್ದನ್ನು ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕೆಂದು ಕೋರುತ್ತೇನೆ.

ನಾನು ಯಾರೆಂದು ತಮಗೆ ನೆನಪಿರಲಾರದು. ತಾವು ಮೂರು ತಿಂಗಳ ಹಿಂದೆ ಒಂದು ಮಂಗಳವಾರ ಇಲ್ಲಿಗೆ ದಯಮಾಡಿಸಿ, ಎಪ್ಪತ್ತೆರಡು ಪ್ರಶ್ನೆಗಳ ನಮೂನೆಯನ್ನು ಎರಡೇ ಗಂಟೆಯಲ್ಲಿ ತುಂಬಿದಿರಲ್ಲ, ಆಗ ನನ್ನ ಮಂಚದ ಬಳಿಯೂ ಒಂದು ಕ್ಷಣ ನಿಂತು, "ಏನಜ್ಜಿ, ಚೆನ್ನಾಗಿದ್ದೀರಾ?" ಎಂದು ವಿಚಾರಿಸಿದ್ದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮ ವ್ಯವಸ್ಥಾಪಕರು, "ಬೆಳಿಗ್ಗೆಯಿಂದ ನಗ್ತಾನೇ ಇದ್ದಾರೆ ಸರ್" ಎಂದರು, ತಾವು ಗುರುತು ಹಾಕಿಕೊಂಡಿರಿ. ಎಂಬತ್ತೊಂದು ವರ್ಷದ ಒಬ್ಬ ಹೆಂಗಸಿನ ಕ್ಷೇಮಸಮಾಚಾರವನ್ನು ಅವಳಿಗೆ ಕಿಂಚಿತ್ತೂ ತೊಂದರೆ ಕೊಡದೆ ಸಂಗ್ರಹಿಸಿದ ತಮ್ಮ ಚಾಕಚಕ್ಯತೆಯನ್ನು ನಾನು ಅಂದಿನಿಂದಲೂ ಕೊಂಡಾಡುತ್ತಿದ್ದೇನೆ.

ತಾವು ಬರುವ ಮುನ್ನ ಒಂಬತ್ತು ದಿನ ಇಲ್ಲಿ ನಡೆದದ್ದನ್ನು ತಾವು ಕಣ್ಣಾರೆ ಕಾಣಬೇಕಿತ್ತು. ಗೋಡೆಗಳಿಗೆ ಬಣ್ಣ ಬಂತು. ನಮ್ಮ ಕೈಗೆ ಸಿಗದಂತೆ ಮೊಳೆಗೆ ಸುತ್ತಿಟ್ಟಿದ್ದ ಕರೆಗಂಟೆಯ ಹಗ್ಗಗಳು ಸರಸರ ಕೆಳಗಿಳಿದವು. ಹೊಸ ಹೊದಿಕೆಗಳನ್ನು ಹಾಸಿ, ತಾವು ಹೋಗುವವರೆಗೆ ಅವುಗಳ ಮೇಲೆ ಮಲಗಬಾರದೆಂದು ನಮ್ಮನ್ನು ವಿನಯದಿಂದ ಕೇಳಿಕೊಳ್ಳಲಾಯಿತು. ತಾವು ಪರೀಕ್ಷಾರ್ಥವಾಗಿ ಒಂದು ಕರೆಗಂಟೆ ಬಾರಿಸಿದಾಗ ನಲವತ್ತು ಸೆಕೆಂಡಿನಲ್ಲಿ ಮೂವರು ಆಯಾಗಳು ಓಡಿ ಬಂದರೆಂದು ವರದಿಯಲ್ಲಿ ಮೆಚ್ಚಿಕೊಂಡಿದ್ದೀರಿ. ಅವರು ಬಾಗಿಲ ಹಿಂದೆಯೇ ನಿಂತಿದ್ದರು, ಮಾನ್ಯರೇ. ಇನ್ನೂ ಬೇಗ ಬರಬಹುದಿತ್ತು, ಆದರೆ ಮೂವರೂ ಒಟ್ಟಿಗೆ ನುಗ್ಗಿದ್ದರಿಂದ ಚೌಕಟ್ಟಿನಲ್ಲಿ ಸಿಕ್ಕಿಕೊಂಡರು.

ಇದನ್ನೆಲ್ಲ ನಾನು ದೂರೆಂದು ಹೇಳುತ್ತಿಲ್ಲ. ನಾನೂ ಮೂವತ್ತೊಂದು ವರ್ಷ ಶಾಲಾ ತನಿಖಾಧಿಕಾರಿಯಾಗಿದ್ದವಳು. ನಾನು ಹೋದ ಶಾಲೆಗಳೆಲ್ಲ ಯಾವಾಗಲೂ ಆಗತಾನೇ ಗುಡಿಸಿದ ಹಾಗೆ ಇರುತ್ತಿದ್ದವು, ಮಕ್ಕಳೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿರುತ್ತಿದ್ದರು, ಅದು ನನ್ನ ಇಲಾಖೆಯ ಶಿಸ್ತೆಂದೇ ನಾನು ನಂಬಿದ್ದೆ. ಹಾಗಾಗಿ ತಾವು ನಮಗೆ ನೂರಕ್ಕೆ ತೊಂಬತ್ತನಾಲ್ಕು ಅಂಕ ಕೊಟ್ಟದ್ದು ನನಗೆ ಆಶ್ಚರ್ಯ ತಂದಿಲ್ಲ. ನನ್ನ ತಕರಾರಿರುವುದು ತಾವು ಕಳೆದ ಆ ಆರು ಅಂಕಗಳ ಬಗ್ಗೆ.

ವರದಿಯ ಹನ್ನೊಂದನೇ ಪುಟದಲ್ಲಿ ತಾವು ಹೀಗೆ ಬರೆದಿದ್ದೀರಿ: "ಒಬ್ಬ ನಿವಾಸಿಗೆ ಊಟ ಮಾಡಿಸಲು ನಿಗದಿತ ಹದಿನೈದು ನಿಮಿಷಗಳ ಬದಲು ಆಯಾ ಒಬ್ಬರು ಐವತ್ತು ನಿಮಿಷ ವ್ಯಯಿಸಿದ್ದು ಕಂಡುಬಂದಿದೆ. ಆ ಸಮಯದಲ್ಲಿ ಅಸಂಬದ್ಧ ಮಾತುಕತೆ ನಡೆಸಲಾಗುತ್ತಿತ್ತು. ಸದರಿಯವರ ದಿನಚರಿ ಪುಸ್ತಕವೂ ಅಪೂರ್ಣ." ಇಡೀ ಕಟ್ಟಡದಲ್ಲಿ ತಾವು ಕಂಡ ಒಂದೇ ಒಂದು ನಿಜವಾದ ಆರೈಕೆಯನ್ನು ಇಷ್ಟು ಕರಾರುವಾಕ್ಕಾಗಿ ಗುರುತಿಸಿ, ಅದಕ್ಕೇ ಅಂಕ ಕಳೆದ ತಮ್ಮ ಗುರಿಗೆ ನಾನು ತಲೆದೂಗುತ್ತೇನೆ.

ಆ ಆಯಾಳನ್ನು ನಾವು ನಿಧಾನಮ್ಮ ಎಂದು ಕರೆಯುತ್ತೇವೆ. ಆಕೆ ನಡೆಯುವುದು ನಿಧಾನ, ಮಾತಾಡುವುದು ನಿಧಾನ, ಸಿಟ್ಟು ಬರುವುದಂತೂ ಇನ್ನೂ ನಿಧಾನ, ಬಂದು ತಲುಪುವಷ್ಟರಲ್ಲಿ ಜಗಳವಾಡಿದವರೇ ಮರೆತಿರುತ್ತಾರೆ. ಆಕೆ ಊಟ ಮಾಡಿಸುತ್ತಿದ್ದವರು ಡ್ರೈವರಣ್ಣ. ಇಪ್ಪತ್ತೆಂಟು ವರ್ಷ ಒಂದೇ ಮಾರ್ಗದಲ್ಲಿ ಸಿಟಿ ಬಸ್ಸು ಓಡಿಸಿದವರು. ಕಳೆದ ವರ್ಷ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು, ಗಂಟಲು ಅರ್ಧ ಕೆಲಸ ಮಾತ್ರ ಮಾಡುತ್ತದೆ. ಬಾಯಿಗಿಟ್ಟ ತುತ್ತನ್ನು ನುಂಗಬೇಕೆಂಬುದೇ ಅವರಿಗೆ ಮರೆತುಹೋಗುತ್ತದೆ, ಅವಸರ ಮಾಡಿದರೆ ಶ್ವಾಸನಾಳಕ್ಕೆ ಹೋಗಿ ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಾರೆ.

ಅವರ ಮಗಳು ಒಂದು ಭಾನುವಾರ ಬಂದಾಗ ನಿಧಾನಮ್ಮ ಅವಳ ಹತ್ತಿರ ಕೂತು ಆ ಬಸ್ಸು ನಿಲ್ಲುತ್ತಿದ್ದ ನಿಲ್ದಾಣಗಳ ಹೆಸರನ್ನೆಲ್ಲ ಒಂದೊಂದಾಗಿ ಬರೆಸಿಕೊಂಡಳು. ಮೂವತ್ತೆರಡು ನಿಲ್ದಾಣ. ಮಾರನೆಯ ದಿನದಿಂದ ಒಂದು ಚಮಚ ಬಾಯಿಗಿಟ್ಟು, "ಅಣ್ಣಾ, ನೀರಿನ ಟ್ಯಾಂಕು ಬಂತು" ಎನ್ನುತ್ತಿದ್ದಳು, ಅವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಡುತ್ತಿತ್ತು. "ಗಿರಣಿ ಗೇಟು, ಇಳಿಯೋರು ಇಳೀಲಿ." ಮತ್ತೊಂದು ತುತ್ತು. ನಡುವೆ ಸಿಗ್ನಲ್ ಬಿದ್ದರೆ ಕಾಯುತ್ತಿದ್ದಳು. ಡಿಪೋ ತಲುಪುವಷ್ಟರಲ್ಲಿ ತಟ್ಟೆ ಖಾಲಿ. ತಾವು ಅಸಂಬದ್ಧ ಮಾತುಕತೆ ಎಂದು ದಾಖಲಿಸಿದ್ದು ಇದನ್ನೇ. ದಿನಚರಿ ಪುಸ್ತಕ ಅಪೂರ್ಣವಾಗಿದ್ದದ್ದು ಸತ್ಯ. ಆಕೆಯ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಅವರ ಗದ್ದ ಇರುತ್ತಿತ್ತು, ಮೂರನೆಯ ಕೈಯನ್ನು ಇಲಾಖೆಯಿಂದ ಮಂಜೂರು ಮಾಡಿಸುವುದು ತಮ್ಮಿಂದ ಸಾಧ್ಯವೇ ಎಂದು ಈ ಮೂಲಕ ಕೇಳುತ್ತಿದ್ದೇನೆ.

ತಮ್ಮ ವರದಿ ಬಂದ ಮರುದಿನವೇ ನಿಧಾನಮ್ಮನನ್ನು ಹಿಂದಿನ ಪಡಸಾಲೆಯ ತುದಿಯಲ್ಲಿರುವ ಲಾಂಡ್ರಿಗೆ ಹಾಕಿದರು. ಡ್ರೈವರಣ್ಣನ ಊಟಕ್ಕೆ ಹೊಸ ಆಯಾ ಬಂದಳು, ಹನ್ನೆರಡೇ ನಿಮಿಷದಲ್ಲಿ ಕೆಲಸ ಮುಗಿಸುವವಳು. ಪಾಪ, ಅವಳದೇನೂ ತಪ್ಪಿಲ್ಲ, ಅವಳ ಪಾಲಿಗೆ ಹದಿನಾಲ್ಕು ಜನರಿದ್ದರು. ಮೂರು ಚಮಚ ಒಳಗೆ ಹೋಗುತ್ತಿತ್ತು, ನಾಲ್ಕನೆಯದಕ್ಕೆ ಕೆಮ್ಮು, ಐದನೆಯದಕ್ಕೆ ಅವರು ಮುಖ ತಿರುಗಿಸುತ್ತಿದ್ದರು, ತಟ್ಟೆ ಹಾಗೇ ಎದ್ದು ಹೋಗುತ್ತಿತ್ತು. ಪುಸ್ತಕದಲ್ಲಿ ಮಾತ್ರ ಮುತ್ತಿನಂಥ ಅಕ್ಷರದಲ್ಲಿ, "ಪೂರ್ಣ ಊಟ." ಮೂರನೆಯ ವಾರ ಅವರಿಗೆ ಜ್ವರ ಬಂತು. ಗದ್ದದ ಮೂಳೆ ಎದ್ದು ಕಾಣತೊಡಗಿತು. ನಾನು ಊಟದ ಮನೆಯಲ್ಲಿ ಅವರ ಎದುರಿಗೇ ಕೂರುವವಳು, ನನಗೆ ತುತ್ತು ಇಳಿಯದಾಯಿತು.

ವ್ಯವಸ್ಥಾಪಕರ ಬಳಿ ಹೋಗಿ ಹೇಳಿದೆ. ಅವರು ತೂಕದ ಪುಸ್ತಕ ತೆರೆದು ತೋರಿಸಿದರು: ಐವತ್ತೆಂಟು ಕಿಲೋ, ಐವತ್ತೆಂಟು ಕಿಲೋ, ಐವತ್ತೆಂಟು ಕಿಲೋ. ಇಷ್ಟು ಸ್ಥಿರವಾದ ಮನುಷ್ಯನನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

ಆಗ ನಾನು ಮತ್ತು ನನ್ನ ಕೋಣೆಯ ಗೆಳತಿ, ಆಕೆ ನಿವೃತ್ತ ಟೈಪಿಸ್ಟು, ಇಬ್ಬರೂ ಸೇರಿ ತಮ್ಮ ಅನುಮತಿಯಿಲ್ಲದೆ ಒಂದು ಪುಟ್ಟ ಮೌಲ್ಯಮಾಪನ ಕೈಗೊಂಡೆವು. ಅಧಿಕಾರ ವ್ಯಾಪ್ತಿ ಮೀರಿದ್ದಕ್ಕೆ ಕ್ಷಮೆ ಇರಲಿ. ಲಾಂಡ್ರಿಯಲ್ಲಿ ಬಟ್ಟೆಗಂಟು ತೂಗುವ ದೊಡ್ಡ ತಕ್ಕಡಿ ಇದೆ. ಒಂದು ಮಧ್ಯಾಹ್ನ ಟೈಪಿಸ್ಟು ಡ್ರೈವರಣ್ಣನ ಗಾಲಿಕುರ್ಚಿ ತಳ್ಳಿದಳು, ನಾನು ಊರುಗೋಲು ಹಿಡಿದು ಮುಂದೆ ಮುಂದೆ ದಾರಿ ನೋಡಿದೆ, ಇಬ್ಬರ ಎದೆಯೂ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರ ಹಾಗೆ ಡವಡವ ಎನ್ನುತ್ತಿತ್ತು. ಕುರ್ಚಿ ಸಮೇತ ತೂಗಿದೆವು: ಎಪ್ಪತ್ತೂವರೆ. ಅದೇ ಥರದ ಖಾಲಿ ಕುರ್ಚಿ ತೂಗಿದೆವು: ಹದಿನೇಳು. ಟೈಪಿಸ್ಟು ಗೋಡೆಯ ಮೇಲೆ ಸೀಮೆಸುಣ್ಣದಿಂದ ಕಳೆದಳು. ಐವತ್ತಮೂರೂವರೆ.

ನಿಧಾನಮ್ಮ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಬಂದು ಅವರ ಕೆನ್ನೆ ಮುಟ್ಟಿ ನೋಡಿದಳು. ತನ್ನ ಬುತ್ತಿ ತೆರೆದು, ಬೇಯಿಸಿದ ಆಲೂಗಡ್ಡೆಯನ್ನು ಬೆರಳಲ್ಲಿ ನುಣ್ಣಗೆ ಹಿಸುಕಿ, "ಬನ್ನಿ ಅಣ್ಣ, ಗಾಡಿ ಲೇಟಾಗಿದೆ" ಎಂದು ಬಾಯಿಗಿಟ್ಟಳು. ಅವಳ ಪಾಲಿನ ಊಟ ಅಂದು ಅವರ ಹೊಟ್ಟೆ ಸೇರಿತು, ಅವಳು ನೀರು ಕುಡಿದು ಇಸ್ತ್ರಿಗೆ ಹೋದಳು.

ಅಂದಿನಿಂದ ಎರಡು ವಾರ ನಾವು ಪ್ರತಿ ಮಧ್ಯಾಹ್ನ ಆ ಲಾಂಡ್ರಿಯಲ್ಲಿ ಊಟ ಮಾಡಿದೆವು. ಡ್ರೈವರಣ್ಣನ ತಟ್ಟೆಯನ್ನು ನನ್ನ ಸೆರಗಿನ ಮರೆಯಲ್ಲಿ ಸಾಗಿಸುತ್ತಿದ್ದೆ. ಇನ್ನೂ ನಾಲ್ವರು ಸುದ್ದಿ ತಿಳಿದು ಬಂದು ಬಟ್ಟೆಗಂಟುಗಳ ಮೇಲೆ ಪ್ರಯಾಣಿಕರಂತೆ ಕೂರತೊಡಗಿದರು, ಅವರಲ್ಲಿ ಒಬ್ಬರು ಪ್ರತಿದಿನ ಗಿರಣಿ ಗೇಟಿನಲ್ಲಿ ಇಳಿಯುತ್ತೇನೆಂದು ಹಟ ಮಾಡುತ್ತಿದ್ದರು. ತಮ್ಮ ನಮೂನೆಯ ನಲವತ್ತಾರನೇ ಪ್ರಶ್ನೆ "ಮನರಂಜನೆ ಮತ್ತು ಸಾಮಾಜಿಕ ಒಡನಾಟ"ಕ್ಕೆ ಸಂಬಂಧಿಸಿದ್ದೆಂದು ಕೇಳಿದ್ದೇನೆ.

ಕೊನೆಗೊಂದು ಗುರುವಾರ ಸಿಕ್ಕಿಬಿದ್ದೆವು. ವ್ಯವಸ್ಥಾಪಕರು ಬಾಗಿಲಲ್ಲಿ ನಿಂತಿದ್ದರು. ಅವರು ಕೆಟ್ಟವರಲ್ಲ, ಮಾನ್ಯರೇ, ಹೆದರಿದವರು. "ಏನಮ್ಮಾ ಇದೆಲ್ಲ? ವರದಿಯಲ್ಲಿ ಬರೆದಾಗಿದೆ. ಇನ್ನೊಂದು ಸಲ ಇದೇ ಕಂಡುಬಂದರೆ ನನ್ನ ಗತಿಯೇನು ಹೇಳಿ?" ಎಂದರು. ನಿಧಾನಮ್ಮನ ಕೈಯಲ್ಲಿ ಚಮಚ ಅಲ್ಲೇ ನಿಂತಿತ್ತು. ಅರ್ಧ ದಾರಿಯಲ್ಲಿ ಬಸ್ಸು ನಿಲ್ಲಿಸಬಾರದೆಂದೋ ಏನೋ, ವ್ಯವಸ್ಥಾಪಕರನ್ನು ನೋಡುತ್ತಲೇ, ಗಾಬರಿಯಲ್ಲಿ, "ಹಳೇ ಸೇತುವೆ ಆಯ್ತು ಅಣ್ಣ, ಮುಂದೆ ಹೆಣ್ಮಕ್ಕಳ ಸ್ಕೂಲು" ಎಂದುಬಿಟ್ಟಳು.

ಡ್ರೈವರಣ್ಣ ನುಂಗಲಿಲ್ಲ. ತುಟಿ ಒಂದು ಕಡೆಗೆ ಸೊಟ್ಟಗೆ ಎಳೆಯಿತು, ಕತ್ತಿನ ನರ ಉಬ್ಬಿತು.

"ಆಸ್... ಪತ್ರೆ" ಎಂದರು.

ಹನ್ನೊಂದು ತಿಂಗಳಲ್ಲಿ ಅವರಾಡಿದ ಮೊದಲ ಮಾತು. ನಿಧಾನಮ್ಮ ಒಂದು ನಿಲ್ದಾಣ ಹಾರಿಸಿದ್ದಳು. ಹಳೇ ಸೇತುವೆಯಾದ ಮೇಲೆ ಆಸ್ಪತ್ರೆ, ಆಮೇಲೆ ಸ್ಕೂಲು. "ಹೌದಣ್ಣ, ತಪ್ಪಾಯ್ತು, ಆಸ್ಪತ್ರೆ" ಎಂದು ಆಕೆ ಅಳುತ್ತಲೇ ಚಮಚ ಹಿಡಿದಳು, ಅವರು ನುಂಗಿದರು. ವ್ಯವಸ್ಥಾಪಕರು ಒಂದು ಗಂಟಿನ ಮೇಲೆ ಕುಸಿದು ಕೂತರು. ಡಿಪೋ ಬರುವವರೆಗೂ ಏಳಲಿಲ್ಲ.

ಈಗ ನಿಧಾನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಲಾಂಡ್ರಿಯಿಂದ ಊಟದ ಮನೆಗೆ ಬರುತ್ತಾಳೆ, ಒಂದೂವರೆಗೆ ವಾಪಸು ಹೋಗುತ್ತಾಳೆ. ಕಾಗದದ ಮೇಲೆ ಆಕೆ ಇನ್ನೂ ಲಾಂಡ್ರಿಯವಳೇ. ಡ್ರೈವರಣ್ಣ ಐವತ್ತಾರು ಕಿಲೋಗೆ ಬಂದಿದ್ದಾರೆ, ಈಗ ನಾಲ್ಕು ನಿಲ್ದಾಣಗಳ ಹೆಸರನ್ನು ತಾವೇ ಹೇಳುತ್ತಾರೆ. ಆದರೆ ಆರು ತಿಂಗಳಿಗೊಮ್ಮೆ ಮರುಪರಿಶೀಲನೆಯಂತೆ. ವ್ಯವಸ್ಥಾಪಕರು ಮೊನ್ನೆ ನನ್ನ ಬಳಿ ಬಂದು, "ಅವರು ಬಂದ ದಿನ ಮಾತ್ರ ಆಕೆ ಕಾಣಿಸದ ಹಾಗೆ ನೋಡ್ಕೋಬೇಕಮ್ಮ" ಎಂದು ಪಿಸುಗುಟ್ಟಿದರು.

ಮಾನ್ಯರೇ, ಇಲ್ಲೊಂದು ಮಾತು ಹೇಳಿಬಿಡಬೇಕು. ನನ್ನ ಕೆಲಸದ ಒಂಬತ್ತನೇ ವರ್ಷದಲ್ಲಿ ಒಂದು ಶಾಲೆಗೆ ಹೋಗಿದ್ದೆ. ಅಲ್ಲೊಬ್ಬ ಮೇಷ್ಟ್ರು ಇಡೀ ಪೀರಿಯಡ್ಡನ್ನು ತೊದಲುವ ಒಬ್ಬ ಹುಡುಗಿಯ ಪಕ್ಕ ಕೂತು ಅವಳಿಂದ ಒಂದೇ ಒಂದು ಸಾಲು ಓದಿಸುವುದರಲ್ಲಿ ಕಳೆದರು. ಉಳಿದ ಮಕ್ಕಳೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನಾನು ಗಡಿಯಾರ ನೋಡಿ, "ಪಾಠ ಯೋಜನೆಯಂತೆ ಮುಗಿದಿಲ್ಲ" ಎಂದು ಬರೆದೆ. ಅವರಿಗೆ ವರ್ಗವಾಯಿತು. ಎಲ್ಲಿಗೆಂದು ನಾನು ಕೇಳಲಿಲ್ಲ. ಆ ಹುಡುಗಿ ಸಾಲನ್ನು ಮುಗಿಸಿದಳೇ ಎಂಬುದೂ ಗೊತ್ತಿಲ್ಲ, ಅಷ್ಟರಲ್ಲಿ ನಾನು ಮುಂದಿನ ತರಗತಿಗೆ ಹೊರಟಿದ್ದೆ. ತಮ್ಮ ವರದಿಯ ಹನ್ನೊಂದನೇ ಪುಟ ಓದುವಾಗ ಅಕ್ಷರ ನನ್ನದೇ ಅನ್ನಿಸಿತು.

ಆದ್ದರಿಂದ ನನ್ನ ಕೋರಿಕೆಗಳು ಕಿರಿದಾದವು. ತಾವು ಮುಂದಿನ ಬಾರಿ ಬರುವಾಗ ಮಧ್ಯಾಹ್ನ ಹನ್ನೆರಡೂವರೆಗೆ ಬಂದು, ನಮೂನೆಯನ್ನು ಕಾರಿನಲ್ಲೇ ಬಿಟ್ಟು, ಡ್ರೈವರಣ್ಣನ ಎಡಗಡೆ ಕೂತು, ನೀರಿನ ಟ್ಯಾಂಕಿನಿಂದ ಡಿಪೋವರೆಗೆ ಪ್ರಯಾಣ ಮಾಡಬೇಕು. ನಡುವೆ ಇಳಿಯಬಾರದು. ಆಮೇಲೆ ಹನ್ನೊಂದನೇ ಪುಟದ ಆ ಮೂರು ವಾಕ್ಯಗಳನ್ನು ತಮ್ಮ ಕೈಯಾರೆ ಹೊಡೆದುಹಾಕಿ, ಆ ಆರು ಅಂಕಗಳನ್ನು ನಿಧಾನಮ್ಮನಿಗೆ ಕೊಡಬೇಕು. ಅವನ್ನು ತರುವುದೆಲ್ಲಿಂದ ಎಂಬ ಚಿಂತೆ ಬೇಡ, ಉಳಿದ ತೊಂಬತ್ತನಾಲ್ಕರಲ್ಲಿ ಎಲ್ಲಿ ಕೈಹಾಕಿದರೂ ಸಿಗುತ್ತವೆ. ಹಾಗೆ ಮಾಡಲು ನಿಯಮ ಅಡ್ಡ ಬಂದರೆ, ಪ್ರತಿ ನಿವಾಸಿಗೆ ಐವತ್ತು ನಿಮಿಷದಂತೆ ಲೆಕ್ಕ ಹಾಕಿ, ಬೇಕಾಗುವಷ್ಟು ಆಯಾಗಳನ್ನು ನೇಮಿಸಲು ಶಿಫಾರಸು ಮಾಡಿದರೂ ಸಾಕು, ನಾವೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈ ಪತ್ರವನ್ನು ಟೈಪಿಸ್ಟು ಮೂರು ಪ್ರತಿ ಮಾಡಿದ್ದಾಳೆ. ಒಂದು ತಮಗೆ, ಒಂದು ತಮ್ಮ ಮೇಲಧಿಕಾರಿಗಳಿಗೆ, ಇನ್ನೊಂದು ಪತ್ರಿಕೆಗೆ. ವ್ಯವಸ್ಥಾಪಕರಿಗೆ ಓದಿ ಹೇಳಿದೆವು. ಅವರು ಮೂರೂ ಪ್ರತಿಗಳಿಗೆ ಕೈಚಾಚಿ, "ಅಂಚೆಗೆ ನಾನೇ ಹಾಕ್ತೀನಿ, ಕೊಡಿ" ಎಂದರು. ನಿಧಾನಮ್ಮನನ್ನು ಬಚ್ಚಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ತಮ್ಮ ಆಗಮನವನ್ನು ನಿರೀಕ್ಷಿಸುತ್ತ,

ತಮ್ಮ ವಿಶ್ವಾಸಿ,
ಹದಿನಾಲ್ಕನೇ ಕೋಣೆಯ ನಿವೃತ್ತ ತನಿಖಾಧಿಕಾರಿಣಿ

ತಾಜಾ ಕಲಂ: ತಮ್ಮ ವರದಿಯ ಕೊನೆಯ ಪುಟದಲ್ಲಿ "ಸೇವೆಯಿಂದ ಸಂಪೂರ್ಣ ತೃಪ್ತರಾಗಿದ್ದೇವೆ" ಎಂಬ ಸಾಲಿನ ಕೆಳಗೆ ನಿವಾಸಿಗಳೆಲ್ಲರ ಸಹಿ ಇರುವುದನ್ನು ಈಗಷ್ಟೇ ಗಮನಿಸಿದೆ. ಬಲಗೈ ಅಲ್ಲಾಡದ ಡ್ರೈವರಣ್ಣನ ಸಹಿ ಬಹಳ ಸೊಗಸಾಗಿ ಬಂದಿದೆ. ನನ್ನದಂತೂ ನನ್ನ ಸಹಿಗಿಂತ ಎಷ್ಟೋ ಚೆನ್ನಾಗಿದೆ. ಹಾಕಿದವರು ಯಾರೆಂದು ತಾವು ತಿಳಿಸಿದ್ದರೆ ಈ ಪತ್ರಕ್ಕೂ ಅವರಿಂದಲೇ ಹಾಕಿಸಿಬಿಡುತ್ತಿದ್ದೆ.