ಸೊಂಟದಲ್ಲಿ ಅರ್ಧ ಕೆಜಿ

ಹಗಲುಗನಸು ಕಾಣುವುದಕ್ಕೆ ಮನುಷ್ಯನಿಗೆ ಒಂದು ಖಾಯಂ ಜಾಗ ಬೇಕು ಎಂಬುದು ನನ್ನ ಅನುಭವ. ಕೆಲವರಿಗೆ ಬಸ್ಸಿನ ಕಿಟಕಿ ಸಾಕು, ಕೆಲವರಿಗೆ ಆಫೀಸಿನ ಮೀಟಿಂಗ್ ಸಾಕು. ನನಗೆ ಮಾತ್ರ ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮಪ್ಪ ಬಿಟ್ಟುಹೋದ ಸೈಟು, ಅದರ ಮೂಲೆಯ ಹೊಂಗೆ ಮರ, ಮರದ ಬುಡದ ಚಪ್ಪಡಿ ಕಲ್ಲು, ಇಷ್ಟೂ ಬೇಕು. ಒಂದು ಕಾಲದಲ್ಲಿ ಅದು ನಮ್ಮ ರಾಗಿ ಹೊಲದ ಬದು. ಈಗ ಸುತ್ತ ನಾಲ್ಕಂತಸ್ತಿನ ಮನೆಗಳೆದ್ದು, ನಮ್ಮದೊಂದೇ ಹಲ್ಲುದುರಿದ ಜಾಗದ ಹಾಗೆ ಉಳಿದಿದೆ. ರಿಟೈರ್ ಆದಾಗಿನಿಂದ ಬೆಳಿಗ್ಗೆ ಆರಕ್ಕೆ ನಾಗರಬಾವಿಯ ಮನೆ ಬಿಟ್ಟು, ಅಲ್ಲಿಗೆ ನಡೆದು ಹೋಗಿ, ಕಲ್ಲಿನ ಮೇಲೆ ಕುಳಿತು ಕಣ್ಣು ಮುಚ್ಚುತ್ತೇನೆ. ಆಮೇಲೆ ಮುಕ್ಕಾಲು ಗಂಟೆ ನಾನು ಯಾರ ಕೈಗೂ ಸಿಕ್ಕುವುದಿಲ್ಲ. ಹೊಂಗೆ ಹೂ ಉದುರುವ ದಿನಗಳಲ್ಲಂತೂ ಎದುರಿನ ಮನೆಗಳೆಲ್ಲ ಕರಗಿಹೋಗಿ, ತೆನೆಯ ನಡುವೆ ಅಪ್ಪ ಟವಲು ಕೊಡವುತ್ತ ನಡೆದು ಬರುತ್ತಾನೆ. ನನ್ನ ಹೆಂಡತಿ ಸಾವಿತ್ರಿ ಇದನ್ನು ವಾಕಿಂಗ್ ಎಂದು ಒಪ್ಪುವುದೇ ಇಲ್ಲ. "ನೀವು ಹೋಗೋದು ವಾಕಿಂಗಿಗಲ್ಲ ಕಣ್ರೀ, ಮಿಕ್ಕಿದ ನಿದ್ದೆ ಮುಗಿಸಕ್ಕೆ" ಎನ್ನುತ್ತಾಳೆ.

ಒಂದು ಬೆಳಿಗ್ಗೆ ಹೀಗೆ ಅಪ್ಪನ ಜೊತೆಗಿದ್ದಾಗ ಯಾರೋ ಕೆಮ್ಮಿದಂತಾಯಿತು. ಕಣ್ಣು ಬಿಟ್ಟರೆ ಬಿಳಿ ಶರ್ಟು, ಬಿಳಿ ಪ್ಯಾಂಟಿನ ಒಬ್ಬ ಆಸಾಮಿ. "ಯಜಮಾನ್ರೇ, ಈ ಜಾಗದ ಮೇಲೆ ನಮ್ ಕಡೆಯೋರ್ದೂ ಒಂದ್ ಕಣ್ಣಿದೆ. ನೀವು ಒಬ್ರೇ ಬರ್ತೀರಾ, ಕಣ್ಮುಚ್ಕೊಂಡ್ ಕೂತಿರ್ತೀರಾ. ಕಾಲ ಚೆನ್ನಾಗಿಲ್ಲ, ಹುಷಾರು" ಎಂದ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅವನ ಮರ್ಯಾದೆಯ ಮಾತೇ ನನ್ನ ಬೆವರಿಳಿಸಿತು. ಪೊಲೀಸ್ ಸ್ಟೇಷನ್ನಿಗೆ ದೂರು ಕೊಡಲು ಹೋದರೆ ಅವನ ಹೆಸರೇನು ಎಂದು ಕೇಳಿದರು. ಬಿಳಿ ಪ್ಯಾಂಟು ಎಂಬುದು ಹೆಸರಾಗುವುದಿಲ್ಲವಂತೆ. ಸೈಟಿನ ಪತ್ರಗಳೆಲ್ಲ ಸರಿಯಾಗಿವೆ, ನಿಜ. ಆದರೆ ಪತ್ರಗಳು ನನ್ನ ಜೊತೆ ವಾಕಿಂಗ್ ಬರುವುದಿಲ್ಲವಲ್ಲ! ಮರುದಿನದಿಂದ ನನ್ನ ನಡಿಗೆ ನಮ್ಮ ತಾರಸಿಗೆ ವರ್ಗವಾಯಿತು. ಅಲ್ಲಿ ನೀರಿನ ಟ್ಯಾಂಕು, ಒಣಗಲು ಹಾಕಿದ ಸಂಡಿಗೆ. ಕಣ್ಣು ಮುಚ್ಚಿದರೆ ರಾಗಿಯೂ ಇಲ್ಲ, ಅಪ್ಪನೂ ಇಲ್ಲ, ಬರೀ ಬಿಳಿ ಪ್ಯಾಂಟು. ಕನಸಿಲ್ಲದೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಹಾಲಿನವನ ಮೇಲೂ ರೇಗತೊಡಗಿದೆ.

ನನ್ನ ಸ್ಥಿತಿ ನೋಡಲಾರದೆ ಸಾವಿತ್ರಿಯ ತಮ್ಮ ಮಂಜುನಾಥ ಉಪಾಯ ಹೇಳಿದ. "ಭಾವ, ಲೈಸೆನ್ಸಿಗೆ ಅಪ್ಲಿಕೇಶನ್ ಹಾಕ್ಬಿಡಿ. ಚಿಕ್ಕದೊಂದು ಪಿಸ್ತೂಲು ಸೊಂಟದಲ್ಲಿರ್ಲಿ. ಯಾರಿಗೂ ಕಾಣಲ್ಲ, ನಿಮಗ್ ಮಾತ್ರ ಗೊತ್ತಿರತ್ತೆ." ಯಾರಿಗೂ ಕಾಣದ, ನನಗೆ ಮಾತ್ರ ಗೊತ್ತಿರುವ ವಸ್ತು! ಹಗಲುಗನಸಿನವನಿಗೆ ಇದಕ್ಕಿಂತ ಇನ್ನೇನು ಬೇಕು? ಅರ್ಜಿ ಹಾಕಿದ ದಿನವೇ ಅವನನ್ನು ಎಳೆದುಕೊಂಡು ಬಂದೂಕಿನ ಅಂಗಡಿಗೆ ಹೋದೆ. ಅಂಗಡಿಯ ವಯಸ್ಸಾದ ಮಾಲೀಕರು "ಲೈಸೆನ್ಸ್ ಬರೋವರ್ಗೂ ಕೈಗೆ ಕೊಡಲ್ಲ ಸಾರ್, ನೋಡ್ಕೊಳಿ ಅಷ್ಟೆ" ಎಂದರು. ಗಾಜಿನ ಹಿಂದೆ, ಕೆಂಪು ಮಖಮಲ್ಲಿನ ಮೇಲೆ ಅಂಗೈಯಗಲದ್ದೊಂದು ಮಲಗಿತ್ತು. ನೋಡುತ್ತ ನಿಂತವನು ಎಲ್ಲಿದ್ದೇನೆಂಬುದನ್ನೇ ಮರೆತೆ. ಹೊಂಗೆಯ ಕೆಳಗೆ ಕುಳಿತಿದ್ದೇನೆ, ಬಿಳಿ ಪ್ಯಾಂಟು ಬರುತ್ತದೆ, ನಾನು ಸುಮ್ಮನೆ ಮುಗುಳ್ನಗುತ್ತೇನೆ, ಅದು ಕೈಮುಗಿದು ಹಿಂದಕ್ಕೆ ಹೋಗುತ್ತದೆ. "ಸಾರ್, ಎಲ್ಲಿ ಇಟ್ಕೋತೀರಾ?" ಎಂದು ಮಾಲೀಕರು ಕೇಳಿದಾಗಲೇ ಎಚ್ಚರ. ಅವರು ನನ್ನ ಹೊಟ್ಟೆಯನ್ನು ನೋಡುತ್ತಿದ್ದರು. ಹಗುರವಾದದ್ದು ಇಟ್ಟುಕೊಳ್ಳಲು ಸುಖ, ಗುಂಡು ಹೊಡೆದರೆ ಕೈಗೆ ಒದೆಯುವುದು ಜಾಸ್ತಿ, ಭಾರದ್ದು ಒದೆಯುವುದು ಕಡಿಮೆ, ಆದರೆ ಪ್ಯಾಂಟು ಜಾರುತ್ತದೆ ಎಂದೆಲ್ಲ ವಿವರಿಸಿ, ಕೊನೆಗೆ "ಒಂದ್ ಕೆಲಸ ಮಾಡಿ. ಅರ್ಧ ಕೆಜಿ ತೂಗೋದು ಏನಾದ್ರೂ ಸೊಂಟಕ್ಕೆ ಕಟ್ಕೊಂಡು ಸ್ವಲ್ಪ ದಿನ ಓಡಾಡಿ. ಅಭ್ಯಾಸ ಆದ್ರೆ ಮಾಡೆಲ್ ನೋಡಣ" ಎಂದರು.

ಮನೆಗೆ ಬಂದು ಅಡುಗೆಮನೆ ಜಾಲಾಡಿದೆ. ತೊಗರಿಬೇಳೆಯ ಪೊಟ್ಟಣ ನಡೆಯುವಾಗ ಚರಪರ ಸದ್ದು ಮಾಡಿತು. ಕುಟ್ಟುವ ಗುಂಡುಕಲ್ಲು ಅರ್ಧ ಕೆಜಿಗಿಂತ ಭಾರ. ಕೊನೆಗೆ ಸಿಕ್ಕಿದ್ದು ಒಂದು ಉಂಡೆ ಬೆಲ್ಲ. ಅದನ್ನು ಹಳೆಯ ಟವಲಿನಲ್ಲಿ ಸುತ್ತಿ, ಬಲಸೊಂಟಕ್ಕೆ ಕಟ್ಟಿ, ಮೇಲೆ ಶರ್ಟು ಇಳಿಬಿಟ್ಟೆ. ಹೇಳಿದರೆ ನಗುತ್ತೀರಿ, ಆದರೆ ಗೇಟು ದಾಟುವಷ್ಟರಲ್ಲಿ ನನ್ನ ಬೆನ್ನು ನೆಟ್ಟಗಾಗಿತ್ತು. ಮೊದಲ ದಿನ ರಸ್ತೆಯ ತಿರುವಿನವರೆಗೆ ಹೋದೆ. ಎರಡನೆಯ ದಿನ ಸೈಟು ಕಾಣುವಷ್ಟು ದೂರ. ಮೂರನೆಯ ದಿನ ನನ್ನ ಕಲ್ಲಿನ ಮೇಲೆ ಕುಳಿತು ಕಣ್ಣು ಮುಚ್ಚಿದೆ. ಅಪ್ಪ ಬಂದ. ತಿಂಗಳ ಮೇಲೆ ನೋಡಿದ್ದಕ್ಕೋ ಏನೋ, ನನಗೆ ಅಳುವೇ ಬಂತು.

ಇತ್ತ ನಮ್ಮ ಬೀದಿಗೆ ವಿಚಾರಣೆಗೆಂದು ಕಾನ್‌ಸ್ಟೇಬಲ್ ಒಬ್ಬರು ಬಂದರು. ಅರ್ಜಿದಾರ ಎಂಥವನು, ಕುಡಿತವಿದೆಯೇ, ಜಗಳಗಂಟನೇ ಎಂದು ಮನೆಮನೆಗೂ ಕೇಳಬೇಕಲ್ಲ! ಗುಟ್ಟಾಗಿಡುವ ಆಯುಧದ ಸುದ್ದಿ, ಆಯುಧಕ್ಕಿಂತ ಮೊದಲೇ ಊರು ಸುತ್ತಿತು. ಎದುರುಮನೆಯ ಪುಟ್ಟಮ್ಮನವರು "ಅವ್ರಿಗಾ? ಜಿರಳೆ ಕಂಡ್ರೆ ಹೆಂಡ್ತೀನ ಕೂಗ್ತಾರೆ ಸಾರ್, ಪಿಸ್ತೂಲ್ ತಗೊಂಡ್ ಏನ್ ಮಾಡ್ತಾರೆ!" ಎಂದದ್ದು ಕಿಟಕಿಯ ಹಿಂದೆ ನಿಂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಬಾಯಿಂದ ಬಾಯಿಗೆ ಹೋದ ಸುದ್ದಿ ಇದ್ದ ಹಾಗೇ ಇರುತ್ತದೆಯೇ? ಸೈಟಿನ ಪಕ್ಕದ ಟೀ ಅಂಗಡಿ ಮುಟ್ಟುವಾಗ ಅದು "ಯಜಮಾನ್ರಿಗೆ ಪಿಸ್ತೂಲ್ ಬಂದಾಯ್ತಂತೆ" ಎಂದಾಗಿತ್ತು.

ಆ ವಾರವೇ ಬಿಳಿ ಪ್ಯಾಂಟು ಮತ್ತೆ ಬಂತು. "ಏನ್ ಯಜಮಾನ್ರೇ, ಹೇಳಿದ್ದು ಮರ್ತೋಯ್ತಾ?" ಎಂದು ಶುರುಮಾಡಿತು. ಕನಸಿನಲ್ಲಿ ಅಭ್ಯಾಸ ಮಾಡಿದ್ದ ಮುಗುಳ್ನಗೆ ಆ ಹೊತ್ತಿಗೆ ಬರಲೇ ಇಲ್ಲ. ಅಷ್ಟರಲ್ಲಿ, ಬೆಲ್ಲ ಇದ್ದ ಕಡೆ ಇರುವೆ ಎಂಬಂತೆ, ಕೆಂಪಿರುವೆಯೊಂದು ಸೊಂಟಕ್ಕೆ ಕಚ್ಚಿತು. ಪ್ರಾಣ ಹೋದಂತಾಗಿ, ಮುಖ ಕಿವುಚಿ, ಹಲ್ಲು ಕಚ್ಚಿ, ಕೈಯನ್ನು ಶರ್ಟಿನೊಳಗೆ ತೂರಿಸಿದೆ. ಬಿಳಿ ಪ್ಯಾಂಟು ಎರಡು ಹೆಜ್ಜೆ ಹಿಂದೆ ಹಾರಿತು. "ಸಾರ್, ಸಾರ್, ತೆಗೀಬೇಡಿ ಸಾರ್! ನಾನ್ ಸುಮ್ನೆ ಮಾತಾಡ್ಸಣ ಅಂತ ಬಂದೆ" ಎಂದು ಬಡಬಡಿಸಿ ಹೋದದ್ದು ಮತ್ತೆ ಇತ್ತ ತಲೆ ಹಾಕಿಲ್ಲ. ನಾನು ಇರುವೆ ಹುಡುಕುತ್ತಲೇ ಇದ್ದೆ.

ಎರಡು ತಿಂಗಳ ಮೇಲೆ ಪೊಲೀಸ್ ಕಮಿಷನರ್ ಕಚೇರಿಯಿಂದ ಕಾಗದ ಬಂತು. ಸಾವಿತ್ರಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: "ಅರ್ಜಿದಾರರು ಪ್ರತಿದಿನ ಬೆಳಿಗ್ಗೆ ಸದರಿ ನಿವೇಶನಕ್ಕೆ ಒಬ್ಬರೇ ತೆರಳಿ, ಕಣ್ಣು ಮುಚ್ಚಿ ವಿಶ್ರಮಿಸುತ್ತಿರುವುದು ಸ್ಥಳೀಯ ವಿಚಾರಣೆಯಿಂದ ತಿಳಿದುಬಂದಿರುವುದರಿಂದ, ಅವರಿಗೆ ಪ್ರಾಣಭಯವಿರುವುದು ಕಂಡುಬರುವುದಿಲ್ಲ. ಅರ್ಜಿಯನ್ನು ತಿರಸ್ಕರಿಸಲಾಗಿದೆ." ಓದಿ ಮುಗಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಅರವತ್ತು ದಾಟಿದ ನನ್ನನ್ನು ಧೈರ್ಯಸ್ಥ ಎಂದು ಇದುವರೆಗೆ ಯಾರಾದರೂ ಬರೆದುಕೊಟ್ಟಿದ್ದರೇ? ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿ ಬೀರುವಿನಲ್ಲಿ ಸೈಟಿನ ಪತ್ರಗಳ ಜೊತೆ ಇಟ್ಟಿದ್ದೇನೆ.

ಆದರೆ ನಿಮ್ಮಲ್ಲಿ ಮುಚ್ಚುಮರೆ ಏಕೆ, ಈಗಲೂ ಸೊಂಟದಲ್ಲಿ ಅರ್ಧ ಕೆಜಿ ಇಲ್ಲದೆ ನಾನು ಗೇಟು ದಾಟುವುದಿಲ್ಲ. ಇರುವೆಯ ಕಾಟಕ್ಕೆ ಮಾಡೆಲ್ ಮಾತ್ರ ಬದಲಾಯಿಸಿದ್ದೇನೆ: ಬೆಲ್ಲ ಹೋಗಿ ಕಲ್ಲುಪ್ಪು ಬಂದಿದೆ. ನಿನ್ನೆ ಹೊಂಗೆಯ ಕೆಳಗೆ ಕಣ್ಣು ಮುಚ್ಚಿದಾಗ ಅಪ್ಪ ಎಂದಿನಂತೆ ಟವಲು ಕೊಡವುತ್ತ ಬಂದವನು, ನನ್ನ ಸೊಂಟದ ಉಬ್ಬು ನೋಡಿ ನಿಂತ.

"ಏನ್ಲಾ ಅದು?"

"ಉಪ್ಪು ಕಣಪ್ಪ."

"ಯಾಕ್ಲಾ, ಹೆದ್ರಿಕೆನಾ?"

"ಏ, ಇಲ್ಲಪ್ಪ. ಹೆದ್ರಿಕೆ ಇಲ್ಲ ಅಂತ ಸರ್ಕಾರದೋರೇ ಬರ್ಕೊಟ್ಟಿದಾರೆ" ಎಂದೆ, ಟವಲಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತ.