ಸ್ಪಾರ್ಟಾದವರು ತಡಾ ಬಂದದ್ದು ಯಾಕ?

ಗ್ರೀಸ್ ದೇಶ ಎಲ್ಲ್ಯದ ಅಂತ ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ. ನನಗೂ ಪಕ್ಕಾ ಗೊತ್ತಿಲ್ಲ. ಆದ್ರೂ ಎರಡು ವರ್ಷದಿಂದ ಆ ದೇಶದ ಗದ್ದಲ ಎಲ್ಲಾ ನಮ್ಮ ಅಂಗಳದಾಗೇ ನಡದದ.

ಆಗಿದ್ದಿಷ್ಟು. ಮಹಾರಾಷ್ಟ್ರದ ಗಡಿಯಾಗ ದಾಳಿಂಬ ಅಂಬೋ ಊರಿನ ಹತ್ರ ನಮ್ಮೂರು, ಅಲ್ಲಿ ನಾ ಅಂಗನವಾಡಿ ಟೀಚರ್. ಬಿ.ಎ. ಮುಗಿಸಿದ್ರ ಮ್ಯಾಲಿನ ನೌಕರಿ ಸಿಗ್ತದ. ಮನ್ಯಾಗ ಕೂತು ಓದಿ ಎಲ್ಲಾ ಪೇಪರ್ ಪಾಸ್ ಮಾಡ್ದೆ, ಪ್ರಾಚೀನ ಗ್ರೀಸ್ ಒಂದು ಬಿಟ್ಟು. ಅದರಾಗ ಎರಡು ಸಲ ಫೇಲ್. ಈ ಸಲ ಆಗಲಿಲ್ಲಂದ್ರ ವಯಸ್ಸು ದಾಟ್ತದ, ನೌಕರಿ ಆಸೆ ಬಿಡಬೇಕು. ಪುಸ್ತಕ ಮರಾಠ್ಯಾಗ, ಹೆಸರು ಗ್ರೀಕ್‌ನ್ಯಾಗ, ನನ್ನ ತಲಿ ಕನ್ನಡದಾಗ. ಓದಿದ್ದು ನಮ್ಮತ್ತಿ ಮುಂದ ಕನ್ನಡದಾಗ ಹೇಳಿದ್ರೇ ನನಗ ತಿಳೀತದ. ನಮ್ಮತ್ತಿ ಉಣ್ಣಿ ನೂಲಕೋತ ಕೇಳ್ತಾಳ. ಕೇಳಿ ಸುಮ್ನ ಕೂಡಂಗಿಲ್ಲ, ಅದೇ ತ್ರಾಸ.

೧. ಓಡಿದವನ ಊಟ

"ಪರ್ಷಿಯಾದ ಫೌಜು ಮ್ಯಾರಥಾನ್ ಅಂಬೋ ಬಯಲಾಗ ಬಂದಿಳೀತು. ಅಥೆನ್ಸ್‌ದವರು ಹೆದರಿ, ಸ್ಪಾರ್ಟಾದ ಮಂದಿಗಿ ಕರೀಲಾಕ ಒಬ್ಬಂವನ್ನ ಓಡಿಸಿದ್ರು. ಅಂವಾ ಎರಡು ದಿನ ಓಡಿ ಮುಟ್ಟಿದ."

"ಮುಟ್ಟಿದ ಮ್ಯಾಲ ಉಂಡನೋ ಇಲ್ಲೋ?"

"ಪುಸ್ತಕದಾಗ ಬರದಿಲ್ರೀ ಅತ್ತಿ."

"ಎರಡು ದಿನ ಓಡಿ ಬಂದಂವಗ ಒಂದು ರೊಟ್ಟಿ ಕೊಡಲಿಲ್ಲಂದ್ರ ಅದ್ಯಾವ ಮಂದಿ? ಕೇಳ್ಕೊಂಡು ಬಾ."

ಐತವಾರಕ್ಕೊಮ್ಮೆ ಉಮರಗಾದಾಗ ನಮಗ ಕ್ಲಾಸ್ ಇರ್ತದ. ಸರ್‌ಗ ಕೇಳ್ದೆ. ಸರ್ ಪುಸ್ತಕ ಹಿಂದ ಮುಂದ ತಿರುವಿದ್ರು, ಚಷ್ಮಾ ತೆಗದು ಒರಸಿದ್ರು. "ಇಷ್ಟು ವರ್ಷ ಕಲಸ್ಲಾಕತ್ತೀನಿ ಟೀಚರ್‌ಬಾಯಿ, ಇದು ನನಗ ಹೊಳದೇ ಇಲ್ಲ" ಅಂದ್ರು.

ಮುಂದಿನ ಐತವಾರ ನಾ ಇನ್ನಾ ಚಪ್ಪಲಿ ಬಿಡ್ಲಾಕತ್ತಿದ್ದೆ. ಸರ್ ಓಡಿ ಬಂದು, "ಏನಂತ? ನಿಮ್ಮತ್ತಿಗಿ ಏನಾರ ಗೊತ್ತಾತೇನು?" ಅಂತ ನನಗೇ ಕೇಳಿದ್ರು.

೨. ಕಟ್ಟಿಗಿ ಗೋಡಿ

ಹತ್ತು ವರ್ಷದ ಮ್ಯಾಲ ಪರ್ಷಿಯಾದವರು ಮತ್ತ ಬಂದ್ರು. ಅಥೆನ್ಸ್‌ದವರು ದೇವರಿಗಿ ಕೇಳಿದ್ರು. 'ಕಟ್ಟಿಗಿ ಗೋಡಿ ನಿಮ್ಮನ್ನ ಕಾಯ್ತದ' ಅಂತ ಹೇಳಿಕಿ ಆತು. ಅದರ ಅರ್ಥ ಯಾರಿಗೂ ತಿಳೀಲಿಲ್ಲ.

"ಹೇಳಿಕಿ ಹಂಗೇ ಇರ್ತದ" ಅಂದ್ಳು ನಮ್ಮತ್ತಿ. "ನಮ್ಮ ಬೀರಪ್ಪ ದೇವರು ಹೇಳಿದ್ದು ತೊಗರಿಗೋ ಸೋಯಾಬೀನ್‌ಗೋ ಅಂತ ರಾಶಿ ಆಗೋ ತನಕ ಊರೆಲ್ಲಾ ಜಗಳಾಡ್ತದ."

ಕುರಿ ಹೊಡಕೊಂಡು ಬಂದ ನಮ್ಮ ಮನಿಯವರು ನಕ್ರು. "ಇದರಾಗ ತಿಳೀಲಾರದ್ದೇನದ? ಕಟ್ಟಿಗಿ ಗೋಡಿ ಅಂದ್ರ ಹಟ್ಟಿ ಬೇಲಿ. ಒಳಗ ಕೂತು ಅಗಳಿ ಹಾಕ್ಕೋಬೇಕು."

ನಾ ಹಾಳಿ ತಿರುವಿ ಓದ್ದೆ. 'ಕಟ್ಟಿಗಿ ಗೋಡಿ ಅಂದ್ರ ಹಡಗ' ಅಂದವರು ಸಮುದ್ರದಾಗ ಗೆದ್ರು. 'ಬೇಲಿ' ಅಂದವರು ಗುಡ್ಡದ ಮ್ಯಾಲ ಬೇಲಿ ಹಾಕ್ಕೊಂಡು ಕೂತ್ರು, ಸತ್ರು.

ಮನಿಯವರು ಎದ್ದು ಹೋಗಿ ಹಟ್ಟಿ ಬೇಲಿ ಅಲುಗಾಡಿಸಿ ನೋಡಿ ಬಂದ್ರು.

೩. ಹುಣ್ಣಿಮಿ

ಸ್ಪಾರ್ಟಾದವರ ಮಾತು ಹೇಳೋದು ಉಳೀತು. ಓಡಿ ಹೋದಂವಗ ಅವರು, 'ಬರ್ತೀವಿ, ಆದ್ರ ದೇವರ ಹಬ್ಬ ಅದ, ಹುಣ್ಣಿಮಿ ಆಗೋ ತನಕ ಹೊರಡಂಗಿಲ್ಲ' ಅಂದ್ರಂತ. ಅವರು ಬರೋದ್ರಾಗ ಮ್ಯಾರಥಾನ್ ಯುದ್ಧ ಮುಗದಿತ್ತು. ಸತ್ತವರನ್ನ ನೋಡಿ, ಗೆದ್ದ ಅಥೆನ್ಸ್‌ದವರಿಗಿ ಶಾಬಾಸ್ ಅಂದು ತಿರುಗಿ ಹೋದ್ರು. ಇದೊಂದು ಮಾತ್ರ ನಮ್ಮತ್ತಿಗಿ ಒಂದೇ ಸಲಕ್ಕ ತಿಳೀತು. "ದೇವರ ಮಂದಿ" ಅಂದ್ಳು.

ನನ್ನ ಪರೀಕ್ಷಾ ಬಂದದ್ದೂ ಹುಣ್ಣಿಮಿ ದಿನಾನೇ! ಪರೀಕ್ಷಾಕ್ಕ ಒಯ್ಯೋ ರಿಕ್ಷಾ ನಮ್ಮ ಮೈದುನಂದು. ಬೀರಪ್ಪನ ಪೂಜಾ ಆಗಲಾರದ ಅಂವಾ ಚಾವಿ ಮುಟ್ಟಂಗಿಲ್ಲ. ನಾ ಗಳಿಗಿಗೊಮ್ಮೆ ಗಡಿಯಾರ ನೋಡ್ಕೋತ ರಿಕ್ಷಾದಾಗೇ ಕೂತಿದ್ದೆ. ಪೂಜಾ ಮುಗದು ರಿಕ್ಷಾ ಹೊಂಟಾಗ, ಹಣಿ ತುಂಬ ಅರಿಷಿಣ ಭಂಡಾರ ಬಡ್ಕೊಂಡು ನಮ್ಮತ್ತಿನೂ ಹತ್ತಿ ಕೂತ್ಳು.

ಪೇಪರ್ ಸುರು ಆಗಿ ಅರ್ಧ ತಾಸು ದಾಟಿದ್ರ ಯಾರಿಗೂ ಒಳಗ ಬಿಡಂಗಿಲ್ಲ. ನಾ ಬಾಗಲಿಗಿ ಮುಟ್ಟಿದಾಗ ಇಪ್ಪತ್ತಾರು ನಿಮಿಷ ಆಗಿತ್ತು.

"ತಡಾ ಯಾಕ?" ಅಂದ್ರು ಬಾಗಲಾಗ ನಿಂತ ಪರೀಕ್ಷಾದ ಸಾಹೇಬ್ರು.

"ಹುಣ್ಣಿಮಿ ಅದರೀ ಸರ್. ದೇವರ ಕೆಲಸ ಮುಗಿಯೋ ತನಕ ನಮ್ಮ ಮಂದಿ ಊರು ಬಿಟ್ಟು ಹೊರಡಂಗಿಲ್ರೀ."

ಸಾಹೇಬ್ರ ಮಾರಿ ಬದಲಾತು. ಕೈಯಾಗಿನ ಪೇಪರ್ ನೋಡಿದ್ರು, ನನ್ನ ನೋಡಿದ್ರು, ಮತ್ತ ಪೇಪರ್ ನೋಡಿದ್ರು. "ನಿಮಗ ಮೊದಲನೇ ಪ್ರಶ್ನಿ ಯಾರು ಹೇಳಿದ್ರು?"

"ಯಾವ ಪ್ರಶ್ನಿ ರೀ?"

"ಉತ್ತರ ನೀವೇ ಹೇಳಿ, ಪ್ರಶ್ನಿ ಯಾವ್ದು ಅಂತೀರಿ? ಸ್ಪಾರ್ಟಾದವರು ಮ್ಯಾರಥಾನ್‌ಗಿ ತಡಾ ಬಂದದ್ದು ಯಾಕ, ಇದೇ ಪ್ರಶ್ನಿ!"

ನನಗ ತಲಿಬುಡ ತಿಳೀಲಿಲ್ಲ. ಅಳುನೇ ಬಂತು. ಗಡಿಯಾರದಾಗ ಇಪ್ಪತ್ತೆಂಟು.

ಅಷ್ಟರಾಗ ನಮ್ಮತ್ತಿ ಗೇಟಿನ್ಯಾಗಿನ ಪ್ಯೂನ್‌ಗ ದೂಡಿ ಒಳಗ ಬಂದ್ಳು. "ಯಾಕ ಅಳಸ್ತಿ ಅಪ್ಪಾ? ತಡಾ ಆಗ್ಯದ, ಖರೆ. ಸ್ಪಾರ್ಟಾದವರೂ ಹುಣ್ಣಿಮಿ ಮುಗಿಸೇ ಹೊಂಟಿದ್ರು. ಅವರು ಯುದ್ಧ ಮುಗದ ಮ್ಯಾಲ ಬಂದ್ರು, ನನ್ನ ಸೊಸಿ ಪರೀಕ್ಷಾ ಮುಗಿಯೋಕಿಂತ ಮೊದಲೇ ಬಂದಾಳ. ಬಿಡು ಒಳಗ!"

ಸಾಹೇಬ್ರು ಬಾಗಲಾ ಹಿಡ್ಕೊಂಡ್ರು. "ಅಯ್ಯೋ ದೇವ್ರೇ, ಲೀಕಾದ ಪೇಪರ್ ಈ ಆಯಿಗೂ ಮುಟ್ಟ್ಯದಲ್ಲ!"

"ಅವರಿಗಿ ಓದಲಾಕ ಬರಂಗಿಲ್ರೀ, ಎಲ್ಲಾ ನಾನೇ ಓದಿ ಹೇಳೀನಿ" ಅಂದೆ. ಸಾಹೇಬ್ರು ನಂಬಲಿಲ್ಲ. ಪೇಪರ್‌ದಾಗ ಇರಲಾರದ್ದೊಂದು ಕೇಳಿದ್ರು: "ಆಯಿ, ಕಟ್ಟಿಗಿ ಗೋಡಿ ಅಂದ್ರೇನು?"

"ಹಡಗ. ನನ್ನ ಮಗಗ ತಿಳೀಲಿಲ್ಲ" ಅಂದ್ಳು ನಮ್ಮತ್ತಿ.

ಸಾಹೇಬ್ರು ಬಾಗಲಾ ಬಿಟ್ಟು ಸರದ್ರು. ಮೊದಲನೇ ಪ್ರಶ್ನಿಗಿ ನಾಲ್ಕು ಹಾಳಿ ಬರದೆ.

ಪಾಸಾದೆ! ರಿಸಲ್ಟ್ ಬಂದ ದಿನ ನಮ್ಮತ್ತಿ ಕಾಲಿಗಿ ಬಿದ್ದೆ. ಆಕಿ ನೂಲೋದು ಬಿಡಲಿಲ್ಲ. ಹಂಗೇ ಯೋಚ್ನಿ ಮಾಡಿ ಅಂದ್ಳು:

"ಆ ಸ್ಪಾರ್ಟಾದವರು ಓಡಿ ಬಂದಂವನ ಜೋಡಿ ಮೊದಲು ಒಬ್ಬಾಕಿ ಅತ್ತಿನ್ನ ಕಳಸಬೇಕಿತ್ತು ನೋಡು. ಇವರು ಮುಟ್ಟೋ ತನಕ ಆಕಿ ಯುದ್ಧ ಸುರುನೇ ಆಗಗೊಡ್ತಿದ್ದಿಲ್ಲ."